ಧ್ವನಿವರ್ಧಕ ಕಸಿದ ಬೆಳಗು

ಬೆಳಗಿನ ಐದಕ್ಕೇ ನಮ್ಮೂರ ಗುಡಿಯ ಧ್ವನಿವರ್ಧಕ ಅರಚತೊಡಗುತ್ತದೆ. ಸಾಗರ ಸೀಮೆಯ ಈ ಹಳ್ಳಿಯಲ್ಲಿ ವೈಶಾಖದ ಬೆಳಗೆಂದರೆ ಮಡಿವಾಳ ಹಕ್ಕಿಯ ಸಿಳ್ಳು. ಅಜ್ಜಿ ಅದನ್ನು ಕೇಳಿಯೇ ಎದ್ದು, ಬೀಸುವ ಕಲ್ಲಿನ ಮುಂದೆ ಕೂತು ಪದ ಎತ್ತುತ್ತಿದ್ದಳು. ಕಲ್ಲಿನ ಗರಗರವೇ ಅವಳಿಗೆ ಶ್ರುತಿ. ಆ ಪದಗಳನ್ನು ನೆನಪಿಸಿಕೊಂಡು ಬರೆದಿಡಲು ನನಗಿರುವುದು ಇದೊಂದೇ ಹೊತ್ತು. ಎರಡು ಸಾಲು ನಾಲಿಗೆಗೆ ಬರುವಷ್ಟರಲ್ಲಿ ಸಿನಿಮಾ ಧಾಟಿಯ ಭಜನೆ ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ಯಾರು ಕೇಳುತ್ತಾರೆ?

ಇನ್ನೂ ಸಂಕಟದ ಮಾತೆಂದರೆ, ಅದರ ಕಂಬವನ್ನು ವೀರಗಲ್ಲಿಗೆ ತಂತಿ ಸುತ್ತಿ ನಿಲ್ಲಿಸಿದ್ದಾರೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ತಂತಿ ಅಪ್ಸರೆಯ ಕೊರಳನ್ನೇ ಸವೆಸುತ್ತಿದೆ. ನಿನ್ನೆಯೂ ಕೇಳಿಕೊಂಡೆ, ಅದನ್ನಾದರೂ ಬಿಚ್ಚಿ ಎಂದು.