ಕರಿಯನಿಗಾಗಿ ಕೇಳದೆ ಬಂದ ಮಾತು

ಮೊನ್ನೆ ನಮ್ಮ ಕಾಸರಗೋಡಿನ ನೀರ್ಚಾಲಿನ ಒಂದು ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ಪಕ್ಕದ ಎಲೆಯಲ್ಲಿ ದೂರದ ಸಂಬಂಧಿಕರೊಬ್ಬರು. "ಭಾವ, ಎರಡು ವರ್ಷದ ಹಿಂದೆ ನಾಯಿಗೆ ಹದಿನಾಲ್ಕು ಸಾವಿರ ಹಾಕಿ ಆಪರೇಷನ್ ಮಾಡಿಸಿದಿರಂತೆ. ಈಗ ಅದೇ ನಾಯಿಗೆ ಕಾಯಿಲೆಯಾದರೆ ಮದ್ದು ಬೇಡ ಅಂತ ಹೇಳಿದಿರಂತೆ. ಆಗ ಹಾಕಿದ್ದು ಹೆಚ್ಚಾಯಿತು ಅಂತ ಈಗ ಅನ್ನಿಸಿತೋ?" ಎಂದು ಕೇಳಿದರು. ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಾರಿನವರು ಬಂದರು. ಮಾತು ಅಲ್ಲಿಗೇ ತುಂಡಾಯಿತು.

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಹದಿನಾಲ್ಕು ಸಾವಿರ ನಮ್ಮ ಮನೆಯಲ್ಲಿ ಸಣ್ಣ ಮೊತ್ತವಲ್ಲ. ಆದರೆ ಊರಿನಲ್ಲಿ ಇದುವರೆಗೆ ಯಾರೂ ನನ್ನನ್ನು ಕೇಳದ ಇನ್ನೊಂದು ಲೆಕ್ಕ ಇದೆ. ಕರಿಯ ಎಂಬ ನಾಯಿಗೆ ನಾನು ಖರ್ಚು ಮಾಡಿದ್ದು ಆರುನೂರು ರೂಪಾಯಿ. ನನ್ನನ್ನು ಇಂದಿಗೂ ನಿದ್ದೆಯಿಂದ ಎಬ್ಬಿಸುವುದು ಆ ಆರುನೂರು.

2017ರ ಮಳೆಗಾಲ. ಕರಿಯನಿಗೆ ಆಗ ನಾಲ್ಕು ವರ್ಷ. ತೋಟಕ್ಕೆ ಹಂದಿ ಬಂದರೆ ನಮಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಒಂದು ಬೆಳಿಗ್ಗೆ ಅನ್ನ ಮುಟ್ಟಲಿಲ್ಲ. ಮರುದಿನ ವಾಂತಿ. ಮೂರನೆಯ ದಿನ ಕಣ್ಣಿನ ಬಿಳಿ ಭಾಗ ಅರಸಿನ ಹಚ್ಚಿದಂತೆ ಹಳದಿ. ನಮ್ಮೂರ ಮೃಗಾಸ್ಪತ್ರೆಯ ಡಾಕ್ಟರು ಅಂದು ರಜೆಯಲ್ಲಿದ್ದರು. (ಪಶು ಆಸ್ಪತ್ರೆಗೆ ಗಡಿಯ ಈಚೆ ನಾವೂ ಮಲಯಾಳದವರ ಹಾಗೆ ಮೃಗಾಸ್ಪತ್ರೆ ಎಂದೇ ಹೇಳುತ್ತೇವೆ. ಅಲ್ಲಿ ದನವೂ ಮೃಗ, ಬೆಕ್ಕೂ ಮೃಗ.) ಪಕ್ಕದ ಮನೆಯವರ ಓಮ್ನಿಯಲ್ಲಿ ಕುಂಬಳೆಗೆ ಇಳಿದು, ಹೆದ್ದಾರಿ ಹಿಡಿದು, ತಲಪಾಡಿ ದಾಟಿ ಮಂಗಳೂರಿನ ಒಂದು ಖಾಸಗಿ ಕ್ಲಿನಿಕ್ಕಿಗೆ ಕೊಂಡುಹೋದೆ.

ಅಲ್ಲಿನ ವೈದ್ಯರು ನೋಡಿದ ಕೂಡಲೇ ಇಲಿ ಜ್ವರದ ಸಂಶಯ ಹೇಳಿದರು. ಇಲಿಯ ಮೂತ್ರ ಸೇರಿದ ನೀರಿನಿಂದ ಬರುವ ರೋಗ, ಲಿವರಿಗೂ ಕಿಡ್ನಿಗೂ ಏಟು, ಮನುಷ್ಯರಿಗೂ ದಾಟುತ್ತದೆ, ಅವನ ಮೂತ್ರವನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದರು. ರಕ್ತ ಪರೀಕ್ಷೆ ಆಗಬೇಕು, ನಾಲ್ಕೈದು ದಿನ ಇಲ್ಲೇ ಇಟ್ಟು ಡ್ರಿಪ್ ಕೊಡಬೇಕು ಎಂದರು. ನನ್ನ ಕಿಸೆಯಲ್ಲಿ ಮೂರು ಸಾವಿರ ಇತ್ತು. ಒಟ್ಟು ಎಷ್ಟಾಗಬಹುದು ಎಂಬ ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು. ಕೇಳಲಿಲ್ಲ. ಹೊರಗೆ ಬೆಂಚಿನಲ್ಲಿ ಒಬ್ಬರು ಬಿಳಿ ಉಣ್ಣೆಯಂತಹ ನಾಯಿಮರಿಯನ್ನು ತೊಡೆಯ ಮೇಲಿಟ್ಟು ಕುಳಿತಿದ್ದರು. ಅವರ ಎದುರು ನನ್ನ ಲುಂಗಿ, ಕೆಸರು ಮೆತ್ತಿದ ಕಾಲು, ಗೋಣಿಯ ಮೇಲೆ ಮಲಗಿದ ಊರ ನಾಯಿ. ದುಡ್ಡಿನ ಮಾತು ತೆಗೆದರೆ ಇವನು ನಾಯಿಯ ಜೀವಕ್ಕೆ ಚೌಕಾಸಿ ಮಾಡುತ್ತಾನೆ ಎಂದುಕೊಂಡಾರು ಎಂಬ ನಾಚಿಕೆ. "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದೆ. ಅವರು ಒಂದು ಚುಚ್ಚುಮದ್ದು ಕೊಟ್ಟರು. ಆರುನೂರು ರೂಪಾಯಿ ಕೊಟ್ಟು ಅವನನ್ನು ಪುನಃ ಗೋಣಿಯೊಂದಿಗೆ ಎತ್ತಿಕೊಂಡು ಬಂದೆ. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ, ಕೇಳಲು ಏನೂ ಇರಲಿಲ್ಲ. ಎರಡನೆಯ ರಾತ್ರಿ ಹಟ್ಟಿಯ ಬದಿಯಲ್ಲಿ ಅವನು ಹೋದ.

ಮರುವರ್ಷ ಕೇರಳದಲ್ಲಿ ದೊಡ್ಡ ನೆರೆ ಬಂತು. ಅಕ್ಕನ ಮಗ ಮನೆಗಳ ಕೆಸರು ತೆಗೆಯಲು ಗೆಳೆಯರೊಂದಿಗೆ ಚೆಂಗನ್ನೂರಿಗೆ ಹೋಗಿದ್ದ. ಬಂದವನ ಚೀಲದಲ್ಲಿ ಮುಕ್ಕಾಲು ಖಾಲಿಯಾದ ಮಾತ್ರೆಯ ಪಟ್ಟಿ ಇತ್ತು. ಏನಿದು ಎಂದು ಕೇಳಿದೆ. "ಡಾಕ್ಸಿಸೈಕ್ಲಿನ್, ಮಾವ. ಇಲಿ ಜ್ವರ ಬಾರದಿರಲಿ ಅಂತ ಆರೋಗ್ಯ ಇಲಾಖೆಯವರು ಎಲ್ಲರಿಗೂ ಕೊಟ್ಟರು. ವಾರಕ್ಕೊಮ್ಮೆ ಎರಡು" ಎಂದ. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಜಗಲಿಯಲ್ಲಿ ಕುಳಿತಿದ್ದೆ. ಬರಿಯ ಮಾತ್ರೆಯಿಂದ ಕರಿಯ ಬದುಕುತ್ತಿದ್ದ ಎಂದು ನಾನು ಹೇಳುವುದಿಲ್ಲ. ವಾಂತಿ ಮಾಡುವ ನಾಯಿಗೆ ಮಾತ್ರೆ ನಿಲ್ಲುವುದಿಲ್ಲ, ಸೂಜಿಯಲ್ಲೇ ಹೋಗಬೇಕು, ಡ್ರಿಪ್ ಬೇಕು. ಆದರೆ ಡ್ರಿಪ್ ಹಾಕಲು ನಮ್ಮೂರಿನಲ್ಲೂ ಆಗುತ್ತಿತ್ತು. "ಇಷ್ಟೇ ಇದೆ ಡಾಕ್ಟರೇ, ಇದರಲ್ಲಿ ಏನು ಮಾಡಬಹುದು?" ಎಂದು ಬಾಯಿ ಬಿಟ್ಟಿದ್ದರೆ ಏನಾದರೂ ಒಂದು ದಾರಿ ಬರೆದುಕೊಡುತ್ತಿದ್ದರು. ಕರಿಯ ಸತ್ತದ್ದು ದುಡ್ಡಿಲ್ಲದೆ ಅಲ್ಲ, ದುಡ್ಡಿನ ಮಾತಾಡಲು ನನಗಿದ್ದ ಸಂಕೋಚದಿಂದ. ವರ್ಷಕ್ಕೊಮ್ಮೆ ಹಾಕಿಸಬೇಕಾದ ಲಸಿಕೆಯಲ್ಲೇ ಇಲಿ ಜ್ವರಕ್ಕೂ ರಕ್ಷಣೆ ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ಅವನನ್ನು ತೆಂಗಿನ ಬುಡದಲ್ಲಿ ಹೂತ ಮೇಲೆ. ಹುಚ್ಚು ನಾಯಿಯ ರೋಗದ್ದೊಂದು ಹಾಕಿಸಿ ಎಲ್ಲ ಆಯಿತು ಎಂದುಕೊಂಡಿದ್ದೆ.

ಹದಿನಾಲ್ಕು ಸಾವಿರ ಹಾಕಿದ ಕೆಂಪಿಯ ಕಥೆ ಬೇರೆ. ಪೆರ್ಲದ ಕಡೆಯ ರಸ್ತೆ ತಿರುವಿನಲ್ಲಿ ಯಾರೋ ಬಿಟ್ಟುಹೋದ ನಾಲ್ಕು ಮರಿಗಳಲ್ಲಿ ಉಳಿದವಳು ಅವಳು. ಎರಡು ವರ್ಷದ ಹಿಂದೆ, ಬೆದೆ ಮುಗಿದು ಒಂದು ತಿಂಗಳಾಗಿರಬಹುದು, ಹಟ್ಟಿಯ ಮರಿಗೆಯಿಂದ ದನಕ್ಕಿಟ್ಟ ನೀರನ್ನು ದಿನವಿಡೀ ಕುಡಿಯತೊಡಗಿದಳು. ಹಿಂಬದಿ ನೆಕ್ಕುವುದು, ಒಂದು ಕೆಟ್ಟ ವಾಸನೆ. ಊರಿನ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, "ಗರ್ಭಕೋಶದಲ್ಲಿ ಕೀವು ತುಂಬಿದ ಹಾಗಿದೆ, ಸ್ಕ್ಯಾನ್ ಆಗಬೇಕು, ತಡ ಮಾಡಬೇಡಿ" ಎಂದರು. ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸದ ಹೆಣ್ಣು ನಾಯಿಗಳಿಗೆ ವಯಸ್ಸಾದಂತೆ ಬರುವ ಕಾಯಿಲೆ ಇದು. ಗರ್ಭಕೋಶ ಒಡೆದರೆ ಕೀವು ಹೊಟ್ಟೆಗೆ ಹರಡಿ ನಾಯಿ ಸಾಯುತ್ತದೆ.

ಮಂಗಳೂರಿನಲ್ಲಿ ಈ ಸಲ ಬೇರೆ ವೈದ್ಯರು. ಸ್ಕ್ಯಾನ್ ನೋಡಿ ಇವತ್ತೇ ಆಪರೇಷನ್ ಎಂದರು. ಮೂರು ದಿನ ಇಟ್ಟುಕೊಂಡರೆ ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಅಂದಾಜು. ನಾನು ಎದ್ದು ನಿಂತು ಹೇಳಿದೆ: "ಡಾಕ್ಟರೇ, ನನ್ನಲ್ಲಿ ಹದಿನೈದು ಸಾವಿರ ಇದೆ. ಅದರ ಮೇಲೆ ಒಂದು ರೂಪಾಯಿಗೂ ನಾನು ಸಾಲ ಮಾಡಬೇಕು. ಇದರೊಳಗೆ ಇವಳನ್ನು ಉಳಿಸಲು ಆಗುತ್ತದೋ?" ನನ್ನ ಸ್ವರ ನಡುಗಿದ್ದು ನನಗೇ ಕೇಳಿಸಿತು.

ಅವರು ಔಷಧ ಕಂಪನಿಯ ಒಂದು ಪ್ಯಾಡ್ ಎಳೆದು, ನಡುವೆ ಗೀಟು ಹಾಕಿದರು. ಎಡಗಡೆ ಇಂದೇ ಆಗಬೇಕಾದದ್ದು: ಕಿಡ್ನಿಯದ್ದೂ ಸೇರಿ ಮುಖ್ಯವಾದ ರಕ್ತ ಪರೀಕ್ಷೆ, ಅರಿವಳಿಕೆ, ಆಪರೇಷನ್, ಡ್ರಿಪ್, ಆಂಟಿಬಯಾಟಿಕ್. ಬಲಗಡೆ ಆದರೆ ಒಳ್ಳೆಯದು ಎನ್ನುವಂಥದ್ದು: ಮೂರು ದಿನದ ಅಡ್ಮಿಷನ್, ಉಳಿದ ಪರೀಕ್ಷೆಗಳು, ಎರಡನೆಯ ಸ್ಕ್ಯಾನ್. "ರಾತ್ರಿ ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನೀವು ಏನೂ ಮಾಡುವಂತಿಲ್ಲ, ಅದು ಗೊತ್ತಿರಲಿ. ಒಪ್ಪುವುದಾದರೆ ಸಂಜೆಯೇ ಕೊಂಡುಹೋಗಿ, ಇಂಜೆಕ್ಷನ್ ನಿಮ್ಮ ಊರಿನಲ್ಲೇ ಹಾಕಿಸಿ" ಎಂದರು. ಕೊನೆಗೆ, "ಹೇಳಿದ್ದು ಒಳ್ಳೆಯದಾಯಿತು. ಹೇಳದಿದ್ದರೆ ನಮಗೆ ಗೊತ್ತಾಗುವುದು ಹೇಗೆ?" ಎಂದೂ ಸೇರಿಸಿದರು.

ಏಳು ವರ್ಷ ನಾನು ಹೊತ್ತುಕೊಂಡು ತಿರುಗಿದ್ದಕ್ಕೆ ಆ ಒಂದು ಮಾತು ಉತ್ತರವಾಗಿತ್ತು.

ಗಾಯ ನೆಕ್ಕದ ಹಾಗೆ ಕೊರಳಿಗೆ ಹಾಕುವ ಪ್ಲಾಸ್ಟಿಕ್ ಆಲಿಕೆಯನ್ನೂ ನಾನು ಬೇಡ ಎಂದೆ. ಮನೆಗೆ ಬಂದು ಒಂದು ಅಗಲದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಹಾಕಿದೆ. ಮೆತ್ತಗಾದ ಮೇಲೆ ಅರ್ಧಚಂದ್ರದ ಹಾಗೆ ಕತ್ತರಿಸಿ, ಮುಟ್ಟಾಳೆ (ಹಾಳೆಯ ಟೊಪ್ಪಿ) ಮಾಡುವಂತೆ ಬಗ್ಗಿಸಿ, ಗೋಣಿದಾರದಲ್ಲಿ ಹೊಲಿದೆ. ಕುತ್ತಿಗೆ ಕೊರೆಯದ ಹಾಗೆ ಒಳ ಅಂಚಿಗೆ ಅಮ್ಮ ತನ್ನ ಹಳೆಯ ಸೀರೆಯ ಪಟ್ಟಿ ಸುತ್ತಿ ಹೊಲಿಗೆ ಹಾಕಿದರು. ಒಣಗಿದಾಗ ಗಟ್ಟಿಯಾಗಿ ನಿಂತಿತು. ಹನ್ನೆರಡು ದಿನ ಕೆಂಪಿ ಅದನ್ನು ಹಾಕಿಕೊಂಡೇ ಇದ್ದಳು, ಗಾಯಕ್ಕೆ ನಾಲಿಗೆ ತಾಗಲಿಲ್ಲ. ಮೊದಲ ರಾತ್ರಿ ನಾನೂ ಅಮ್ಮನೂ ಸರದಿಯಲ್ಲಿ ಎದ್ದು ಅವಳ ಒಸಡಿನ ಬಣ್ಣ ನೋಡಿದೆವು, ವೈದ್ಯರು ಹೇಳಿಕೊಟ್ಟಿದ್ದರು. ಬಿಳಿಚಿಕೊಂಡರೆ ಒಳಗೆ ರಕ್ತ ಹೋಗುತ್ತಿದೆ ಎಂದು ಅರ್ಥ. ಬೆಳಿಗ್ಗೆಯವರೆಗೂ ಗುಲಾಬಿಯೇ ಇತ್ತು. ಒಟ್ಟು ಖರ್ಚು 13,800.

ಈಗ ಕೆಲವರು ಫೇಸ್‌ಬುಕ್ಕಿನಲ್ಲಿ ಬರೆಯುವ ಒಂದು ಮಾತಿಗೆ ಬರುತ್ತೇನೆ: "ಚಿಕಿತ್ಸೆ ಕೊಡಿಸಲು ತಾಕತ್ತಿಲ್ಲದವರು ಪ್ರಾಣಿ ಸಾಕಬಾರದು." ಇದನ್ನು ಓದಿದಾಗ ನನಗೆ ಸಿಟ್ಟು ಬರುತ್ತದೆ. ನಮ್ಮ ಕಡೆ ನಾಯಿಯನ್ನು ಯಾರೂ ಅಂಗಡಿಯಿಂದ ತರುವುದಿಲ್ಲ. ಬೇರೆಯವರು ತಿರುವಿನಲ್ಲಿ ಬಿಟ್ಟುಹೋದದ್ದು ನಮ್ಮ ಅಂಗಳಕ್ಕೆ ಬರುತ್ತದೆ. ಬ್ಯಾಂಕಿನಲ್ಲಿ ಐವತ್ತು ಸಾವಿರ ಇದ್ದವರು ಮಾತ್ರ ಅನ್ನ ಹಾಕಬೇಕು ಎಂದಾದರೆ ಕೆಂಪಿ ಆ ತಿರುವಿನಲ್ಲೇ ಲಾರಿಯಡಿಗೆ ಹೋಗುತ್ತಿದ್ದಳು. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಅಕ್ಕ ಒಬ್ಬರಿದ್ದಾರೆ. ಅವರ ನಾಯಿಯ ಹಿಂಗಾಲಿನ ಮೇಲೆ ಬೈಕ್ ಹರಿದು ಮೂಳೆ ಮುರಿಯಿತು. ಪ್ಲೇಟ್ ಹಾಕಿಸಲು ಮಂಗಳೂರಿಗೆ ಹೋಗಬೇಕು ಎಂದು ಊರಿನ ಡಾಕ್ಟರು ಹೇಳಿದರು. ಅಕ್ಕ ಹೋಗಲಿಲ್ಲ. ಊರಿನ ಡಾಕ್ಟರು ಕೊಟ್ಟ ನೋವಿನ ಮದ್ದು ಕುಡಿಸಿ, ಒಂದೂವರೆ ತಿಂಗಳು ಜಗಲಿಯ ಮೂಲೆಯಲ್ಲಿ ಕಟ್ಟಿ ಹಾಕಿ, ಕೆಲಸಕ್ಕೆ ಬರುವ ಮೊದಲೂ ಹೋದ ಮೇಲೂ ತಾವೇ ಎತ್ತಿ ಹೊರಗೆ ಕೊಂಡುಹೋಗುತ್ತಿದ್ದರು. ಆ ಕಾಲು ಸೊಟ್ಟಗೆ ಕೂಡಿಕೊಂಡಿತು. ನಾಯಿ ಮೂರು ಕಾಲಿನಲ್ಲಿ ಕೋಳಿ ಓಡಿಸುತ್ತದೆ. ಅವರ ಪ್ರೀತಿಯಲ್ಲಿ ಏನು ಕಡಿಮೆಯಾಯಿತು, ಯಾರಾದರೂ ಹೇಳಿ.

ಹಾಗೆಂದು ಖರ್ಚು ಉಳಿಸಲು ಮನೆಯ ಡಬ್ಬಿಯಿಂದ ಮನುಷ್ಯರ ಮಾತ್ರೆ ಕೊಡುವವರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಜ್ವರದ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ನಮ್ಮ ಮೈಕೈ ನೋವಿಗೆ ತೆಗೆದುಕೊಳ್ಳುವ ಐಬುಪ್ರೊಫೆನ್ ನಾಯಿಯ ಹೊಟ್ಟೆ ಹುಣ್ಣಾಗಿಸಿ ಕಿಡ್ನಿ ಕೆಡಿಸುತ್ತದೆ. ದುಡ್ಡಿಲ್ಲದಿದ್ದರೆ ಫೋನ್ ಮಾಡಿ ಕೇಳಿ. ದಯವಿಟ್ಟು ಕೇಳಿ.

ಇನ್ನೊಂದು ವಿಷಯ ನಮ್ಮ ಕೃಷಿ ಮನೆಗಳದ್ದು. ಹಸುವಿಗೆ ಕಾಯಿಲೆಯಾದರೆ ಯಾರೂ ಲೆಕ್ಕ ಕೇಳುವುದಿಲ್ಲ. ಅದರ ಕಿವಿಯಲ್ಲಿ ವಿಮೆಯ ಬಿಲ್ಲೆ ಇದೆ, ಹಾಲಿನ ಸೊಸೈಟಿಯ ಪುಸ್ತಕ ಇದೆ. ಪಂಪ್ ಸುಟ್ಟರೆ ಅದೇ ದಿನ ಹೊಸತು ಬರುತ್ತದೆ. ನಾಯಿಯದ್ದು ಮಾತ್ರ ದುಂದು. ಹಂದಿ ಓಡಿಸಿದ್ದಕ್ಕೆ ರಶೀದಿ ಇಲ್ಲ, ರಾತ್ರಿ ಅಮ್ಮ ಒಬ್ಬರೇ ಇರುವಾಗ ಬಾಗಿಲಲ್ಲಿ ಮಲಗಿದ್ದಕ್ಕೆ ಪುಸ್ತಕ ಇಲ್ಲ. ಅದಕ್ಕಾಗಿ ಕೆಂಪಿಯ ಆಪರೇಷನ್ ಆದ ವರ್ಷದಿಂದ ಒಂದು ಕ್ರಮ ಮಾಡಿಕೊಂಡೆವು. ಅಡಿಕೆ ಕೊಟ್ಟು ಬಂದಾಗಲೆಲ್ಲ ಎರಡು ಕಿಲೋದ ದುಡ್ಡು ಪ್ರತ್ಯೇಕ ಖಾತೆಗೆ ಹೋಗುತ್ತದೆ. ಅದಕ್ಕೆ ಮಗ "ಕರಿಯನ ಖಾತೆ" ಎಂದು ಹೆಸರಿಟ್ಟಿದ್ದಾನೆ. ವರ್ಷದ ಲಸಿಕೆ, ಪಂಚಾಯತಿನ ಲೈಸೆನ್ಸ್, ಮೈಗೆ ಹತ್ತುವ ಉಣ್ಣಿಯ ಮದ್ದು ಎಲ್ಲ ಅದರಿಂದಲೇ. ಮನೆಗೆ ಬಂದ ಹೊಸ ಹೆಣ್ಣು ಮರಿಗೆ ಮಕ್ಕಳಾಗದ ಆಪರೇಷನ್ ಮಾಡಿಸಿದ್ದೂ ಅದರಿಂದ, ಕೀವು ತುಂಬುವ ತನಕ ಈ ಸಲ ಕಾಯಲಿಲ್ಲ.

ಈ ವರ್ಷ ವಿಷುವಿನ ಹೊತ್ತಿಗೆ ಕೆಂಪಿಯ ಮೊಲೆಗಳ ಸಾಲಿನಲ್ಲಿ ಎರಡು ಗಂಟು ಕೈಗೆ ಸಿಕ್ಕಿದವು. ಪುನಃ ಅದೇ ವೈದ್ಯರ ಬಳಿ ಹೋದೆವು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಪುಪ್ಪುಸದಲ್ಲಿ ಹರಡಿದ ಬಿಳಿ ಚುಕ್ಕೆಗಳನ್ನು ತೋರಿಸಿದರು. ಗಂಟು ತೆಗೆಯಬಹುದು, ದೊಡ್ಡ ನಗರಕ್ಕೆ ಹೋದರೆ ಕ್ಯಾನ್ಸರಿನ ಮದ್ದೂ ಕೊಡಿಸಬಹುದು ಎಂದರು. ಭಾವ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಈ ಸಲ ನನ್ನಲ್ಲಿ ದುಡ್ಡಿತ್ತು. ಕರಿಯನ ಖಾತೆಯಲ್ಲಿ ಮೂವತ್ತೆಂಟು ಸಾವಿರ ಇತ್ತು. ನಾನು ಕೇಳಿದ್ದು ಇಷ್ಟೇ: "ಡಾಕ್ಟರೇ, ಇವಳಿಗೆ ಉಳಿದಿರುವ ದಿನಗಳಲ್ಲಿ ಎಷ್ಟು ದಿನ ಈ ರಸ್ತೆಯಲ್ಲೇ ಕಳೆಯುತ್ತದೆ?" ಗಾಡಿ ಹತ್ತಿದರೆ ಸೀತಾಂಗೋಳಿ ದಾಟುವ ಮೊದಲೇ ವಾಂತಿ ಮಾಡುವವಳು ಅವಳು. ಆಸ್ಪತ್ರೆಯ ಮೇಜಿನ ಮೇಲೆ ನಾಲ್ಕು ಕಾಲೂ ನಡುಗುತ್ತವೆ. ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತುಂಬಾ ದಿನ" ಎಂದರು. ಪುಪ್ಪುಸಕ್ಕೆ ಬಂದದ್ದನ್ನು ಅವರು ತೆಗೆಯಲಾರರು. ನೋವಿನ ಮದ್ದು ಮಾತ್ರ ಬರೆಸಿಕೊಂಡು ಬಂದೆವು.

ಆಗ ಹದಿನಾಲ್ಕು ಸಾವಿರದಲ್ಲಿ ಎರಡು ಪೂರಾ ವರ್ಷ ಬಂತು, ಅಂಗಳದಲ್ಲಿ, ಬಿಸಿಲಿನಲ್ಲಿ, ಅವಳ ಮನಸ್ಸಿನಂತೆ. ಈಗ ಮೂವತ್ತೆಂಟು ಸಾವಿರಕ್ಕೂ ಅಂಥ ಒಂದು ವಾರ ಸಿಗುವ ಭರವಸೆ ಯಾರೂ ಕೊಡಲಿಲ್ಲ. ಮಗನಿಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. ಒಮ್ಮೆ ಪ್ರಯತ್ನಿಸಬಹುದಿತ್ತು ಎನ್ನುತ್ತಾನೆ. ಅವನು ಹೇಳುವುದನ್ನು ನಾನು ತಡೆಯುವುದಿಲ್ಲ. ಅವಳ ಉಸಿರು ಕಷ್ಟವಾದರೆ ಮನೆಗೇ ಬಂದು ಸೂಜಿ ಕೊಡುತ್ತೇನೆ, ಅವಳಿಗೆ ಗೊತ್ತಾಗದ ಹಾಗೆ ನಿದ್ದೆ ಬರುತ್ತದೆ ಎಂದು ಊರಿನ ಡಾಕ್ಟರು ಹೇಳಿದ್ದಾರೆ. ಆ ಮಾತು ಬಂದಾಗ ಅಮ್ಮ ಎದ್ದು ಒಳಗೆ ಹೋದರು. ಮರುದಿನ ಅವರೇ ಬಂದು, "ಅದಕ್ಕೆ ಎಷ್ಟಾಗುತ್ತದೆ ಅಂತ ಈಗಲೇ ಕೇಳಿಟ್ಟುಕೋ" ಎಂದರು. ಕೇಳಿಟ್ಟುಕೊಂಡಿದ್ದೇನೆ.

ಇವತ್ತು ಸಂಜೆ ಮಾತ್ರೆಯನ್ನು ಕದಳಿ ಬಾಳೆಹಣ್ಣಿನ ತುಂಡಿನೊಳಗೆ ಇಟ್ಟು ಕೊಟ್ಟೆ. ಹಣ್ಣು ತಿಂದು ಮಾತ್ರೆಯನ್ನು ನೆಲದ ಮೇಲೆ ಉಗುಳಿದಳು. ಪುನಃ ಬೆಲ್ಲ ಸವರಿ ಕೊಟ್ಟಾಗ ನುಂಗಿದಳು. ಆಮೇಲೆ ಹಾಲಿನವನ ಬೈಕಿನ ಸದ್ದಿಗೆ ಎದ್ದು, ನಡುವೆ ಎರಡು ಕಡೆ ಕುಳಿತು ದಣಿವಾರಿಸಿಕೊಂಡು, ಗೇಟಿನವರೆಗೆ ಹೋಗಿ ಬೊಗಳಿ ಬಂದಳು.