ರಾಜಮನೆತನದ ಮದುವೆಗೆ ನಿದ್ದೆಗೆಟ್ಟವರ ಪರವಾಗಿ

ಆಸ್ಟ್ರೇಲಿಯಾದ ಟೆಸ್ಟ್ ಪಂದ್ಯಕ್ಕಾಗಿ ನಿದ್ದೆಗೆಟ್ಟು ಕೂರುವವನನ್ನು ನಾವು ಕ್ರಿಕೆಟ್ ರಸಿಕ ಎನ್ನುತ್ತೇವೆ. ವಿಶ್ವಕಪ್ ಫುಟ್‌ಬಾಲ್ ನಡೆಯುವಷ್ಟು ದಿನವೂ ಕೆಂಗಣ್ಣು ಮಾಡಿಕೊಂಡು ಕಚೇರಿಗೆ ಬರುವವನಿಗೆ ಸಹೋದ್ಯೋಗಿಗಳಿಂದ ಅನುಕಂಪವೂ ಕಾಫಿಯೂ ಸಿಗುತ್ತದೆ. ಆದರೆ ಬ್ರಿಟನ್ನಿನ ರಾಜಮನೆತನದ ಮದುವೆ ನೋಡುತ್ತಾ ರಾತ್ರಿಯಿಡೀ ಎಚ್ಚರವಾಗಿದ್ದೆ ಎಂದು ಒಬ್ಬ ಹೆಂಗಸು ಹೇಳಿ ನೋಡಲಿ. ಮೊದಲು ಒಂದು ನಗು, ಆಮೇಲೆ ‘ಬೇರೆ ಕೆಲಸವಿರಲಿಲ್ಲವೇ’ ಎಂಬ ಪ್ರಶ್ನೆ, ಕೊನೆಗೆ ಇನ್ನೂರು ವರ್ಷಗಳ ದಾಸ್ಯದ ಕುರಿತು ಒಂದು ಪಾಠ. ಇವೆಲ್ಲವನ್ನೂ ನಾನು ಸಾಕಷ್ಟು ಸಲ ಕೇಳಿಸಿಕೊಂಡಿದ್ದೇನೆ. ಪಾಠ ಹೇಳಿದವರಲ್ಲಿ ಬಹುತೇಕರು ಲಾರ್ಡ್ಸ್ ಮೈದಾನವನ್ನು ದೇವಸ್ಥಾನವೆಂಬಂತೆ ಮಾತನಾಡುವವರು ಎಂಬುದನ್ನು ಇಲ್ಲಿ ಸುಮ್ಮನೆ ದಾಖಲಿಸುತ್ತೇನೆ.

ವೇಳೆಯ ಲೆಕ್ಕ ಮೊದಲು. ರಾಜಕುಮಾರ ವಿಲಿಯಂ ಮತ್ತು ಕ್ಯಾಥರೀನ್ ಮದುವೆ 2011ರ ಏಪ್ರಿಲ್ 29ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ಬೆಳಿಗ್ಗೆ 11ಕ್ಕೆ. ಲಂಡನ್ನಿನ ಆ 11 ಗಂಟೆಯೆಂದರೆ ಭಾರತದಲ್ಲಿ ಮಧ್ಯಾಹ್ನ ಮೂರೂವರೆ, ಸಿಡ್ನಿಯಲ್ಲಿ ರಾತ್ರಿ ಎಂಟು, ನ್ಯೂಯಾರ್ಕಿನಲ್ಲಿ ಬೆಳಗಿನ ಆರು. ಅವರಿಗೆಲ್ಲ ಅದು ಮರ್ಯಾದಸ್ಥ ಸಮಯ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಸರಿರಾತ್ರಿ ಮೂರು ಗಂಟೆ. ಇಲ್ಲಿಯ ವಾಹಿನಿಗಳು ಒಂದು ಗಂಟೆಗೆಲ್ಲ ಲಂಡನ್ನಿನ ಬೀದಿಗಳನ್ನು ತೋರಿಸಲು ಶುರುಮಾಡಿದ್ದವು. ಆಗಲೇ ಎದ್ದು ಕೂರಬೇಕೆಂದರೆ ಮಲಗುವುದರಲ್ಲಿ ಅರ್ಥವಿಲ್ಲ. ಅದು ಶುಕ್ರವಾರ ಬೇರೆ. ಬ್ರಿಟನ್ನಿನಲ್ಲಿ ಸಾರ್ವಜನಿಕ ರಜೆ, ನಮಗೆ ಎಂಟೂವರೆಗೆ ಮೀಟಿಂಗ್.

‘ರೆಕಾರ್ಡ್ ಮಾಡಿಟ್ಟು ಬೆಳಿಗ್ಗೆ ನೋಡಬಹುದಲ್ಲ’ ಎಂದು ನನ್ನ ಗಂಡ ಬಹಳ ವಿವೇಕದಿಂದ ಹೇಳಿದರು. ಯಕ್ಷಗಾನದ ಆಟಕ್ಕೆ ಹೋಗಿ ಬೆಳಗಿನವರೆಗೆ ಕುಳಿತವರಿಗೆ ಇದರ ಉತ್ತರ ಗೊತ್ತಿದೆ. ಕಥೆ ಎಲ್ಲರಿಗೂ ಗೊತ್ತು, ಯಾರು ಗೆಲ್ಲುತ್ತಾರೆ ಎಂಬುದೂ ಗೊತ್ತು, ಆದರೂ ಇಂದಿನ ವೇಷಧಾರಿ ಇಂದು ಏನು ಮಾಡುತ್ತಾನೆ ಎಂಬುದು ಗೊತ್ತಿಲ್ಲ. ಬೆಳಗಿನ ಸುದ್ದಿಯಲ್ಲಿ ಬರುವ ಮೂರು ನಿಮಿಷದ ತುಣುಕಿನಲ್ಲಿ ಉಡುಗೆಯಿದೆ, ಮುತ್ತಿದೆ, ಸಾರೋಟಿದೆ. ಕಾಯುವಿಕೆ ಇಲ್ಲ. ಸೆಕೆಂಡಿನ ಲೆಕ್ಕದಲ್ಲಿ ತಾಲೀಮು ಮಾಡಿದ ಒಂದು ವಿಧಿಯ ನಡುವೆ ಮನುಷ್ಯರು ಎಲ್ಲಿ ತಪ್ಪುತ್ತಾರೆ ಎಂದು ಕಾದು ಕೂರುವ ಸುಖವಂತೂ ಮೊದಲೇ ಇಲ್ಲ.

ತಪ್ಪುತ್ತಾರೆ ಕೂಡ. 1981ರಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲಿನಲ್ಲಿ ಇಪ್ಪತ್ತೈದು ಅಡಿ ಉದ್ದದ ಸೆರಗನ್ನು ಎಳೆದುಕೊಂಡು ಬಂದ ಇಪ್ಪತ್ತರ ಡಯಾನಾ, ವರ ಚಾರ್ಲ್ಸ್‌ನ ಹೆಸರನ್ನೇ ಹಿಂದುಮುಂದಾಗಿ ಹೇಳಿದಳು: ಚಾರ್ಲ್ಸ್ ಫಿಲಿಪ್ ಎನ್ನುವಲ್ಲಿ ಫಿಲಿಪ್ ಚಾರ್ಲ್ಸ್. ಜಗತ್ತಿನಾದ್ಯಂತ 75 ಕೋಟಿ ಜನ ನೋಡಿದರೆಂದು ಅಂದಾಜಿಸಲಾದ ಸಮಾರಂಭದಲ್ಲಿ ಆದ ತೊದಲು ಅದು. ಅಂಥ ಭವ್ಯತೆಯ ನಡುವೆಯೂ ಅಲ್ಲಿ ನಿಂತಿದ್ದವಳು ಹೆದರಿದ ಒಬ್ಬ ಹುಡುಗಿ ಎಂಬುದನ್ನು ಆ ಒಂದು ತೊದಲಿನಷ್ಟು ಸ್ಪಷ್ಟವಾಗಿ ಇನ್ಯಾವುದೂ ಹೇಳಲಿಲ್ಲ. 2011ರಲ್ಲಿ ವೆಲ್ಷ್ ಚಿನ್ನದ ಉಂಗುರ ಕ್ಯಾಥರೀನಳ ಬೆರಳಿಗೆ ಸಲೀಸಾಗಿ ಏರಲಿಲ್ಲ. ವಿಲಿಯಂ ಕೆಂಪು ಸಮವಸ್ತ್ರದಲ್ಲಿ ನಿಂತು ಅದನ್ನು ತುಸು ಬಲವಾಗಿಯೇ ದೂಡಬೇಕಾಯಿತು. ಇಲ್ಲಿ ಬೆಳಗಿನ ಐದೂವರೆಯ ಹೊತ್ತಿಗೆ ಬಕಿಂಗ್‌ಹ್ಯಾಮ್ ಅರಮನೆಯ ಬಾಲ್ಕನಿಯಲ್ಲಿ ನವದಂಪತಿ ಮುತ್ತಿಕ್ಕುತ್ತಿದ್ದರೆ, ಪಕ್ಕದಲ್ಲಿ ನಿಂತಿದ್ದ ಮೂರು ವರ್ಷದ ಪುಟ್ಟ ಹುಡುಗಿ ಜನರ ಗದ್ದಲಕ್ಕೆ ಸಿಡಿಮಿಡಿಗೊಂಡು ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಅಷ್ಟೂ ಜನರಲ್ಲಿ ನನ್ನ ಮನಃಸ್ಥಿತಿಯಲ್ಲಿದ್ದವಳು ಅವಳೊಬ್ಬಳೇ.

ಕಾಯುವಾಗ ತಲೆಗೆ ತುಂಬಿಕೊಳ್ಳುವ ವಿಷಯಗಳದ್ದೇ ಒಂದು ರುಚಿ. ಕ್ಯಾಥರೀನಳ ಉಡುಗೆಯ ವಿನ್ಯಾಸಕಿ ಯಾರೆಂಬುದನ್ನು ಕೊನೆಯ ಕ್ಷಣದವರೆಗೆ ಗುಟ್ಟಾಗಿಟ್ಟಿದ್ದರು. ಅಲೆಗ್ಸಾಂಡರ್ ಮೆಕ್‌ಕ್ವೀನ್ ಸಂಸ್ಥೆಯ ಸಾರಾ ಬರ್ಟನ್ ಎಂಬುದು ಅಂದೇ ಅಧಿಕೃತವಾಗಿ ಹೊರಬಿದ್ದದ್ದು. ಅದರ ಲೇಸು ಕೂರಿಸಿದ ಕಸೂತಿ ಕೆಲಸಗಾರರು ಅರ್ಧ ಗಂಟೆಗೊಮ್ಮೆ ಕೈ ತೊಳೆಯುತ್ತಿದ್ದರಂತೆ, ಮೂರು ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರಂತೆ. ರಾಜಕುಮಾರಿಗಿಂತ ಆ ಸೂಜಿ ಹಿಡಿದವರ ಮೇಲೆ ನನಗೆ ಹೆಚ್ಚು ಗೌರವ. ವಿಲಿಯಂನ ಚಿಕ್ಕಪ್ಪನ ಮಗಳು ಬಿಯಾಟ್ರಿಸ್ ತೊಟ್ಟ ವಿಚಿತ್ರ ಸುರುಳಿಯ ಟೋಪಿಯನ್ನು ಇಡೀ ಜಗತ್ತು ಗೇಲಿ ಮಾಡಿತು. ಆಕೆ ಅದನ್ನೇ ಹರಾಜಿಗಿಟ್ಟು 81 ಸಾವಿರಕ್ಕೂ ಹೆಚ್ಚು ಪೌಂಡ್ ಎತ್ತಿ ಮಕ್ಕಳ ನೆರವಿನ ಸಂಸ್ಥೆಗಳಿಗೆ ಕೊಟ್ಟಳು. ಗೇಲಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ.

ಟೋಪಿಯ ಮಾತು ಬಂತಲ್ಲ, ಇನ್ನೊಂದು ಟೋಪಿಯ ಕಥೆಯಿದೆ. 1923ರಲ್ಲಿ, ಮುಂದೆ ಆರನೆಯ ಜಾರ್ಜ್ ಆದ ರಾಜಕುಮಾರನ ಮದುವೆಯನ್ನು ರೇಡಿಯೋದಲ್ಲಿ ಬಿತ್ತರಿಸಲು ಹೊಸದಾಗಿ ಹುಟ್ಟಿದ್ದ ಬಿಬಿಸಿ ಅನುಮತಿ ಕೇಳಿತ್ತು. ಧರ್ಮಗುರುಗಳು ಒಪ್ಪಲಿಲ್ಲ. ಪಬ್ಬುಗಳಲ್ಲಿ ಕುಳಿತ ಗಂಡಸರು ಟೋಪಿ ಕೂಡ ತೆಗೆಯದೆ ಪ್ರಾರ್ಥನೆ ಕೇಳಿಬಿಟ್ಟಾರು ಎಂಬುದು ಅವರ ಆತಂಕ! 1947ರಲ್ಲಿ ಎಲಿಜಬೆತ್ ಮದುವೆಯಾಗುವಾಗ ರೇಡಿಯೋ ಒಳಗೆ ಬಂದಿತ್ತು. ಯುದ್ಧ ಮುಗಿದರೂ ಬಟ್ಟೆಗೆ ಪಡಿತರವಿದ್ದ ಕಾಲ. ಎಷ್ಟೋ ಹೆಂಗಸರು ತಮ್ಮ ಕೂಪನ್‌ಗಳನ್ನು ಅಂಚೆಯಲ್ಲಿ ಅರಮನೆಗೆ ಕಳಿಸಿದರು, ಇನ್ನೊಬ್ಬರ ಕೂಪನ್ ಬಳಸುವುದು ಕಾನೂನುಬಾಹಿರವಾದ್ದರಿಂದ ಅವೆಲ್ಲ ಮರಳಿ ಬಂದವು. 1960ರಲ್ಲಿ ಆಕೆಯ ತಂಗಿ ಮಾರ್ಗರೆಟ್ ಮದುವೆಯೊಂದಿಗೆ ರಾಜಮನೆತನದ ಮದುವೆಯೊಂದು ಮೊದಲ ಸಲ ಟಿವಿಗೆ ಬಂತು. ನಾನು ಚಾಪೆಯ ಮೇಲೆ ಕಾಲು ಚಾಚಿ, ಹಳೆಯ ಸ್ವೆಟರ್ ತೊಟ್ಟು ನೋಡಿದ್ದನ್ನು ಆ 1923ರ ಗುರುಗಳು ಕಂಡಿದ್ದರೆ ಏನೆನ್ನುತ್ತಿದ್ದರೋ.

ಇನ್ನು ದಾಸ್ಯದ ಪಾಠ. ಅದನ್ನು ನಾನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ರಾಜಪ್ರಭುತ್ವ ಬೇಕೇ ಬೇಡವೇ ಎಂದು ನನ್ನನ್ನು ಕೇಳಿದರೆ ಬೇಡವೆಂದು ಎರಡು ಕೈ ಎತ್ತುತ್ತೇನೆ. ಖರ್ಚಿನ ಪ್ರಶ್ನೆ ಬ್ರಿಟನ್ನಿನ ತೆರಿಗೆದಾರರದು, ಅವರು ಕೇಳುತ್ತಲೂ ಇದ್ದಾರೆ. ಆದರೆ ಸಾಮ್ರಾಜ್ಯದ ಇತಿಹಾಸ ಗೊತ್ತಿರುವವರೇ ಈ ಮದುವೆಗಳನ್ನು ನೆಟ್ಟ ಕಣ್ಣಿನಿಂದ ನೋಡಬೇಕು ಎಂಬುದು ನನ್ನ ವಾದ. ಏಕೆಂದರೆ ಆ ಇತಿಹಾಸ ಅಲ್ಲಿ ಮೈತುಂಬ ಬಟ್ಟೆ ತೊಟ್ಟು ನಡೆದು ಬರುತ್ತದೆ. ಉತ್ಪ್ರೇಕ್ಷೆಯಲ್ಲ. 2018ರ ಮೇ 19ರಂದು ವಿಲಿಯಂನ ತಮ್ಮ ಹ್ಯಾರಿಯನ್ನು ಮದುವೆಯಾಗುವಾಗ ಮೇಗನ್ ಮಾರ್ಕಲ್ ತೊಟ್ಟ ಹದಿನಾರು ಅಡಿಯ ಮುಸುಕಿನ ಅಂಚಿನಲ್ಲಿ ಕಾಮನ್‌ವೆಲ್ತಿನ 53 ದೇಶಗಳ ಹೂವುಗಳ ಕಸೂತಿಯಿತ್ತು. ಭಾರತದ್ದು ಕಮಲ. ಜೊತೆಗೆ ಆಕೆ ಹುಟ್ಟಿದ ಕ್ಯಾಲಿಫೋರ್ನಿಯಾದ ಪಾಪಿ ಹೂ. ಒಂದು ಕಾಲದ ಸಾಮ್ರಾಜ್ಯದ ನಕ್ಷೆಯನ್ನೇ ರೇಷ್ಮೆ ನೂಲಿನಲ್ಲಿ ಹೊಲಿದು, ಗುಲಾಮಗಿರಿ ಅನುಭವಿಸಿದ ವಂಶದ ಮಗಳೊಬ್ಬಳ ತಲೆಯ ಮೇಲೆ ಹೊದಿಸಿದ್ದರು. ಅದನ್ನು ಕಂಡು ನನಗೆ ಸಿಟ್ಟೂ ಬಂತು, ಕಣ್ಣು ಕೀಳಲೂ ಆಗಲಿಲ್ಲ.

ಆ ರಾತ್ರಿಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ವಿಂಡ್ಸರಿನ ಸೇಂಟ್ ಜಾರ್ಜ್ ಚಾಪೆಲ್, ಅಲ್ಲಿಯ ನಡುಮಧ್ಯಾಹ್ನ, ಇಲ್ಲಿ ಬೆಳಗಿನ ನಾಲ್ಕು. ಎಂಟನೆಯ ಹೆನ್ರಿಯ ಸಮಾಧಿ ಇರುವ ಜಾಗ ಅದು. ವರನ ಕಡೆಯ ಸಾಲುಗಳಲ್ಲಿ ರಾಣಿಯಿಂದ ಹಿಡಿದು ಇಡೀ ಮನೆತನ. ವಧುವಿನ ಕುಟುಂಬದಿಂದ ತಾಯಿ ಡೋರಿಯಾ ರಾಗ್ಲಂಡ್ ಒಬ್ಬರೇ, ತಿಳಿಹಸಿರು ಉಡುಗೆಯಲ್ಲಿ, ಮೂಗಿನಲ್ಲಿ ಸಣ್ಣ ನತ್ತು. ಹೆಣ್ಣಿನ ಕಡೆಯವರು ಎಷ್ಟು ಜನ ಬಂದರು ಎಂದು ಎಣಿಸುವ ಮದುವೆಮನೆಗಳಲ್ಲಿ ಬೆಳೆದ ನನಗೆ ಆ ಒಂಟಿ ತಾಯಿಯಿಂದ ದೃಷ್ಟಿ ಬೇರೆಡೆ ಹೊರಳಲಿಲ್ಲ. ಮಗಳು ಅರ್ಧ ದಾರಿ ಒಬ್ಬಳೇ ನಡೆದು ಬಂದಳು. ಉಳಿದರ್ಧಕ್ಕೆ ಮಾವನಾಗಲಿದ್ದ ಚಾರ್ಲ್ಸ್ ಜೊತೆಯಾದರು.

ಆಮೇಲೆ ಎದ್ದು ನಿಂತವರು ಅಮೆರಿಕದ ಎಪಿಸ್ಕೋಪಲ್ ಚರ್ಚಿನ ಮುಖ್ಯಸ್ಥರಾಗಿದ್ದ ಬಿಷಪ್ ಮೈಕೆಲ್ ಕರಿ, ಆ ಸ್ಥಾನಕ್ಕೇರಿದ ಮೊದಲ ಕಪ್ಪು ವರ್ಣೀಯರು. ಮಾರ್ಟಿನ್ ಲೂಥರ್ ಕಿಂಗ್ ಮಾತಿನಿಂದ ಆರಂಭಿಸಿ, ಗುಲಾಮರು ಹಾಡುತ್ತಿದ್ದ ಹಾಡುಗಳ ಕಡೆಗೆ ಹೊರಳಿ, ಕೈ ಬೀಸಿ, ದನಿ ಏರಿಸಿ, ಹದಿಮೂರು ಹದಿನಾಲ್ಕು ನಿಮಿಷ ಪ್ರೀತಿಯ ಬಗ್ಗೆ ಮಾತನಾಡಿದರು. ಇಂಗ್ಲೆಂಡಿನಿಂದ ಗುಲಾಮರ ವ್ಯಾಪಾರ ನಡೆಸಿದ ರಾಯಲ್ ಆಫ್ರಿಕನ್ ಕಂಪನಿಗೆ ಹದಿನೇಳನೆಯ ಶತಮಾನದಲ್ಲಿ ಮುಖ್ಯಸ್ಥನಾಗಿದ್ದವನು ಅದೇ ಸಿಂಹಾಸನದ ಉತ್ತರಾಧಿಕಾರಿ, ಮುಂದೆ ಎರಡನೆಯ ಜೇಮ್ಸ್ ಎಂದು ಪಟ್ಟವೇರಿದವನು. ಅಂಥ ಮನೆತನದ ದೇಗುಲದಲ್ಲಿ ನಿಂತು ಆ ಹಾಡುಗಳ ಬಗ್ಗೆ ಹೇಳುವುದೆಂದರೆ ಸಣ್ಣ ಸಂಗತಿಯಲ್ಲ. ಕ್ಯಾಮೆರಾ ಒಂದೊಂದಾಗಿ ಮುಖಗಳ ಮೇಲೆ ಸರಿಯಿತು. ಕೆಲವರ ಹುಬ್ಬು ಏರಿತ್ತು, ಕೆಲವರು ತಮ್ಮ ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿಯ ಒಳಗೇ ಇಳಿದುಹೋಗಿದ್ದರು, ಕೆಲವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಹತ್ತೊಂಬತ್ತರ ಹುಡುಗ ಶೇಕು ಕ್ಯಾನೆ ಮೇಸನ್ ಅನಂತರ ಚೆಲ್ಲೋ ನುಡಿಸಿದ. ಮರುದಿನದ ತುಣುಕುಗಳಲ್ಲಿ ಬಿಷಪ್ಪರ ಪ್ರವಚನ ಅರ್ಧ ನಿಮಿಷಕ್ಕಿಳಿದು ಒಂದು ತಮಾಷೆಯಾಗಿತ್ತು. ಹದಿನಾಲ್ಕು ನಿಮಿಷದ ಆ ಮುಜುಗರವನ್ನು ಪೂರ್ತಿಯಾಗಿ ಕಾಣಲು ನಾಲ್ಕು ಗಂಟೆಗೆ ಎಚ್ಚರವಾಗಿರಬೇಕಿತ್ತು.

ಇಷ್ಟೆಲ್ಲ ಹೇಳಿದರೂ ನನ್ನನ್ನು ಚುಚ್ಚುವ ಆಕ್ಷೇಪವೊಂದಿದೆ. ಅದು ಸಾಮ್ರಾಜ್ಯದ್ದಲ್ಲ. ಈ ಮದುವೆಗಳನ್ನು ಕೋಟಿಗಟ್ಟಲೆ ಜನ ನೋಡುತ್ತಾರೆ ಎಂಬ ಕಾರಣಕ್ಕೇ ಆ ಹೆಣ್ಣುಮಕ್ಕಳ ಬೆನ್ನಿಗೆ ಕ್ಯಾಮೆರಾ ಬೀಳುತ್ತದೆ. 1981ರ ವಧು 1997ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಸುರಂಗದಲ್ಲಿ ಅಪಘಾತಕ್ಕೀಡಾದಾಗ ಛಾಯಾಗ್ರಾಹಕರು ಬೆನ್ನಟ್ಟಿದ್ದರು. ಆ ತಾಯಿಯ ಶವಪೆಟ್ಟಿಗೆಯ ಹಿಂದೆ ನಡೆದ ಹನ್ನೆರಡರ ಹುಡುಗನೇ 2018ರ ವರ. 2020ರ ಜನವರಿಯಲ್ಲಿ ಅವನು ಹೆಂಡತಿಯೊಂದಿಗೆ ರಾಜಮನೆತನದ ಹೊಣೆಗಳಿಂದ ಹಿಂದೆ ಸರಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಸಮಾಧಾನವೇ ಆಯಿತು.

ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. ಅವರಾಗಿಯೇ ಬಾಗಿಲು ತೆರೆದು ತೋರಿಸುವುದನ್ನು ನೋಡುತ್ತೇನೆ, ಕದ್ದು ತೆಗೆದದ್ದನ್ನು ನೋಡುವುದಿಲ್ಲ. 2012ರಲ್ಲಿ ಫ್ರಾನ್ಸಿನ ಪತ್ರಿಕೆಯೊಂದು ಖಾಸಗಿ ಮನೆಯಲ್ಲಿದ್ದ ಕ್ಯಾಥರೀನಳನ್ನು ದೂರದಿಂದ ಕದ್ದು ತೆಗೆದ ಚಿತ್ರಗಳನ್ನು ಅಚ್ಚು ಹಾಕಿತು. 2017ರಲ್ಲಿ ಅಲ್ಲಿಯ ನ್ಯಾಯಾಲಯ ದಂಪತಿಗೆ ಪರಿಹಾರ ಕೊಡಿಸಿತು. ಆ ಚಿತ್ರಗಳನ್ನು ನಾನು ಹುಡುಕಿ ನೋಡಲಿಲ್ಲ. ನನ್ನ ಗೆಳತಿಯೊಬ್ಬಳಿಗೆ ಈ ಗೆರೆಯ ಮೇಲೆ ನಂಬಿಕೆಯಿಲ್ಲ. ಮೊದಲನೆಯ ಹಸಿವು ಇಲ್ಲದಿದ್ದರೆ ಎರಡನೆಯದಕ್ಕೆ ಮಾರುಕಟ್ಟೆಯೇ ಇರುತ್ತಿರಲಿಲ್ಲ ಎನ್ನುತ್ತಾಳೆ. ರಾಣಿ ವಿಕ್ಟೋರಿಯಾ 1851ರಲ್ಲೇ ಆ ಬಾಲ್ಕನಿಗೆ ಬಂದು ಜನರಿಗೆ ಮುಖ ತೋರಿಸಿದ್ದಳು, ತಮ್ಮನ್ನು ನೋಡಿ ಎಂದು ಕರೆದವರು ಅವರೇ ಎಂದು ನಾನು ಹೇಳುತ್ತೇನೆ. ಕರೆದದ್ದು ಅರಮನೆ, ಹುಡುಗಿಯಲ್ಲ ಎಂದು ಅವಳು. ಈ ಜಗಳ 2018ರ ಆ ರಾತ್ರಿ ನನ್ನ ಮನೆಯಲ್ಲೇ ಶುರುವಾದದ್ದು, ಮೇಗನ್ ಕಾರಿನಿಂದ ಇಳಿಯುವ ಮೊದಲು. ಇಳಿದ ಮೇಲೆ ಇಬ್ಬರೂ ಸುಮ್ಮನಾದೆವು. ಮುಸುಕಿನಲ್ಲಿ ಕಮಲ ಎಲ್ಲಿದೆ ಎಂದು ಪರದೆಯ ಹತ್ತಿರ ಹೋಗಿ ಮೊದಲು ಹುಡುಕಿದವಳು ಅವಳೇ.