ಸತ್ಯಾಂಶ: ಸಿರಿವಂತನಿಗೆ ಒಳ್ಳೆಯ ಆಸನವೆಂದು ಬೈಬಲ್ ಹೇಳುತ್ತದೆಯೇ?

ಚಿನ್ನದ ಉಂಗುರ ತೊಟ್ಟು ಸಭೆಗೆ ಬಂದವನಿಗೆ ಒಳ್ಳೆಯ ಆಸನ ಕೊಟ್ಟು, ಬಡವನನ್ನು ಕಾಲಬಳಿ ಕೂರಿಸಬೇಕೆಂದು ಬೈಬಲೇ ವಿಧಿಸಿದೆ ಎಂಬ ಸಂದೇಶವೊಂದು ಮಂಜೇಶ್ವರ, ಕಾಸರಗೋಡು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಬೈಬಲಿನಲ್ಲಿ ಸೇರಿರುವ ಪತ್ರಗಳಲ್ಲೊಂದಾದ ಯಾಕೋಬನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಈ ದೃಶ್ಯ ಇರುವುದೇನೋ ನಿಜ. ಆದರೆ ಹಾಗೆ ನಡೆದುಕೊಳ್ಳುವವರು ಕೆಟ್ಟ ಆಲೋಚನೆಯಿಂದ ತೀರ್ಪು ಮಾಡುವವರೆಂದು ಗದರಿಸುವುದಕ್ಕಾಗಿಯೇ ಅದನ್ನು ಅಲ್ಲಿ ಚಿತ್ರಿಸಲಾಗಿದ್ದು, ಸಂದೇಶ ಬರೆದವರು 2 ಮತ್ತು 3ನೆಯ ವಚನಗಳನ್ನು ಉಳಿಸಿಕೊಂಡು 4ನೆಯದನ್ನು ಜಾಣತನದಿಂದ ಕೈಬಿಟ್ಟಿದ್ದಾರೆ. 9ನೆಯ ವಚನವಂತೂ ಪಕ್ಷಪಾತವನ್ನು ನೇರವಾಗಿ ಪಾಪವೆಂದೇ ಕರೆಯುತ್ತದೆ. ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ಯೇಸುವಿನ ಶಿಷ್ಯ ಪೇತ್ರನು ಹೇಳಿದ್ದೂ ದೇವರು ಪಕ್ಷಪಾತಿಯಲ್ಲ ಎಂದೇ. ಹಾಗೆಂದು ಇದು ಬಡವನ ಪರವಾದ ಪಕ್ಷಪಾತವೂ ಅಲ್ಲ: ನ್ಯಾಯತೀರ್ಪಿನಲ್ಲಿ ಬಡವನ ಮುಖವನ್ನಾಗಲಿ ದೊಡ್ಡವನ ಮುಖವನ್ನಾಗಲಿ ನೋಡಿ ಪಕ್ಷಪಾತ ಮಾಡಬಾರದೆಂದು ಬೈಬಲಿನದೇ ಇನ್ನೊಂದು ಗ್ರಂಥವಾದ ಯಾಜಕಕಾಂಡದ 19ನೆಯ ಅಧ್ಯಾಯ ಹೇಳುತ್ತದೆ.